ಭತ್ತದ ಎಲೆ ಅಂಗಮಾರಿಗೆ ತಳಿಯೇ ಮದ್ದು: ಕತ್ತರಿ ಪರೀಕ್ಷೆ ಏನು ಹೇಳುತ್ತದೆ?

ಭತ್ತಕ್ಕೆ ತಗಲುವ ರೋಗಗಳಲ್ಲಿ ಬೆಂಕಿರೋಗದ ಹೆಸರು ಎಲ್ಲರ ಬಾಯಲ್ಲೂ ಇದೆ. ಅದರಷ್ಟೇ ಹಾನಿ ಮಾಡಬಲ್ಲ ಇನ್ನೊಂದು ರೋಗವೆಂದರೆ ದುಂಡಾಣು ಎಲೆ ಅಂಗಮಾರಿ. ಈ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬೆಂಕಿರೋಗ ಶಿಲೀಂಧ್ರದಿಂದ ಬರುವಂಥದು. ವೇಳೆ ಮೀರದಂತೆ ಸಿಂಪರಣೆ ಮಾಡಿದರೆ ಅದನ್ನು ತಕ್ಕಮಟ್ಟಿಗೆ ತಡೆಯಬಹುದು. ಎಲೆ ಅಂಗಮಾರಿಗೆ ಅಂತಹ ನಂಬಿಕೆಯ ಸಿಂಪರಣೆ ಇಲ್ಲ. ಪೈರು ಹೊಡೆ ತುಂಬುವ ಹೊತ್ತಿಗೆ ಗದ್ದೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತೆಂದರೆ ಆಗ ಮಾಡಬಹುದಾದ ಕೆಲಸ ಬಹಳ ಕಡಿಮೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗುತ್ತದೆ.

ಆದ್ದರಿಂದ ಈ ರೋಗದ ವಿರುದ್ಧ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ನೀವು ಬೀಜ ಕೊಳ್ಳುವ ದಿನವೇ ತೀರ್ಮಾನವಾಗುತ್ತದೆ. ಬೀಜದ ಚೀಲದ ಮೇಲೆ "ರೋಗ ನಿರೋಧಕ" ಎಂಬ ಮಾತು ಅಚ್ಚಾಗಿರುವುದನ್ನು ನೀವು ನೋಡಿರುತ್ತೀರಿ. ಆ ಮಾತನ್ನು ಯಾರು, ಯಾವ ಪರೀಕ್ಷೆ ಮಾಡಿ, ಯಾವ ಆಧಾರದ ಮೇಲೆ ಹೇಳುತ್ತಾರೆ? ಅದು ಎಲ್ಲ ಊರಿಗೂ, ಎಲ್ಲ ಕಾಲಕ್ಕೂ ಸಲ್ಲುವ ಮಾತೇ? ಇದನ್ನು ತಿಳಿದುಕೊಂಡ ರೈತ ತಳಿಯನ್ನು ಆರಿಸುವಾಗ ಮೋಸ ಹೋಗಲಾರ.

ರೋಗವನ್ನು ಗುರುತಿಸುವುದು

ಮೊದಲು ರೋಗದ ಗುರುತು ಸರಿಯಾಗಿ ತಿಳಿದಿರಬೇಕು. ನಾಟಿ ಮಾಡಿದ ಕೆಲವು ವಾರಗಳ ನಂತರ, ಸಾಮಾನ್ಯವಾಗಿ ತೆಂಡೆ ಒಡೆಯುವ ಕೊನೆಯ ಹಂತದಿಂದ ತೆನೆ ಬರುವವರೆಗೆ, ಎಲೆಯ ತುದಿಯಲ್ಲಿ ಅಥವಾ ಅಂಚಿನಲ್ಲಿ ನೀರಿನಲ್ಲಿ ನೆನೆದಂತಹ ಗೆರೆ ಕಾಣಿಸಿಕೊಳ್ಳುತ್ತದೆ. ಅದು ಅಂಚಿನುದ್ದಕ್ಕೂ ಕೆಳಗಿಳಿಯುತ್ತಾ ಹಳದಿಯಾಗಿ, ಮುಂದೆ ಒಣಹುಲ್ಲಿನ ಬಿಳುಪಿಗೆ ತಿರುಗುತ್ತದೆ. ಒಣಗಿದ ಭಾಗಕ್ಕೂ ಹಸಿರು ಭಾಗಕ್ಕೂ ನಡುವಿನ ಗಡಿ ನೇರವಾಗಿರದೆ ಅಲೆಯಂತೆ ಅಂಕುಡೊಂಕಾಗಿರುತ್ತದೆ. ಮುಂಜಾನೆ ಗದ್ದೆಗೆ ಹೋಗಿ ನೋಡಿದರೆ ಎಳೆಯ ಗಾಯಗಳ ಮೇಲೆ ಹಾಲಿನಂತಹ ಅಥವಾ ನಸುಹಳದಿಯ ಸಣ್ಣ ಹನಿಗಳು ಕಾಣುತ್ತವೆ. ಬಿಸಿಲೇರಿದಂತೆ ಅವು ಒಣಗಿ ಸಣ್ಣ ಮಣಿಗಳಂತೆ ಎಲೆಗೆ ಅಂಟಿಕೊಳ್ಳುತ್ತವೆ. ಒಂದೊಂದು ಹನಿಯಲ್ಲಿಯೂ ಕೋಟಿಗಟ್ಟಲೆ ದುಂಡಾಣುಗಳಿರುತ್ತವೆ.

ಇನ್ನೊಂದು ರೂಪ ಇದಕ್ಕಿಂತ ಕೆಟ್ಟದ್ದು. ನಾಟಿಯಾದ ಒಂದರಿಂದ ಮೂರು ವಾರದೊಳಗೆ ಸಸಿಯ ಎಲೆಗಳು ಬೂದು ಹಸಿರಾಗಿ, ಉದ್ದಕ್ಕೆ ಸುರುಳಿ ಸುತ್ತಿ, ಇಡೀ ಬುಡವೇ ಬಾಡಿ ಸಾಯುತ್ತದೆ. ಇದಕ್ಕೆ "ಕ್ರೆಸೆಕ್" ಎಂಬ ಹೆಸರು ಪ್ರಚಾರದಲ್ಲಿದೆ. ಅದು ಇಂಡೋನೇಷ್ಯಾದಿಂದ ಬಂದ ಪದ. ಇದನ್ನು ಕಾಂಡಕೊರಕದ ಬಾಧೆಯೆಂದು ತಪ್ಪು ತಿಳಿಯುವುದುಂಟು. ಕಾಂಡಕೊರಕ ಬಿದ್ದಿದ್ದರೆ ಒಣಗಿದ ಸುಳಿ ಎಳೆದ ಕೂಡಲೇ ಕಿತ್ತು ಬರುತ್ತದೆ, ಬುಡದಲ್ಲಿ ಹುಳು ಕೊರೆದ ಗುರುತಿರುತ್ತದೆ. ಕ್ರೆಸೆಕ್ ಆಗಿದ್ದರೆ ಬುಡವನ್ನು ಕತ್ತರಿಸಿ ಹಿಸುಕಿದಾಗ ಹಳದಿ ಅಂಟು ಹೊರಬರುತ್ತದೆ.

ಪೊಟ್ಯಾಷ್ ಕೊರತೆಯಿಂದಲೂ ಎಲೆಯ ತುದಿ ಮತ್ತು ಅಂಚು ಒಣಗುತ್ತವೆ. ಸಂಶಯ ಬಂದರೆ ಒಂದು ಸುಲಭ ಪರೀಕ್ಷೆ ಮಾಡಿ. ಒಣಗಿದ ಭಾಗವೂ ಹಸಿರು ಭಾಗವೂ ಕೂಡುವ ಜಾಗದಲ್ಲಿ ಎಲೆಯನ್ನು ಕತ್ತರಿಸಿ, ಆ ತುಂಡನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ನಿಲ್ಲಿಸಿ. ರೋಗವಿದ್ದರೆ ಕೆಲವು ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹೊಗೆಯೆಳೆಯಂತೆ ಬೆಳ್ಳಗಿನ ದ್ರವ ಇಳಿಯಲಾರಂಭಿಸಿ ನೀರು ಕದಡುತ್ತದೆ. ಗೊಬ್ಬರದ ಕೊರತೆಯಾಗಿದ್ದರೆ ನೀರು ತಿಳಿಯಾಗಿಯೇ ಉಳಿಯುತ್ತದೆ. ವಾಚನಾಲಯದಲ್ಲಿ ಕುಳಿತು ಈ ಪುಟ ಓದುತ್ತಿರುವ ನಿಮಗೆ ಈ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ.

ಸಿಂಪರಣೆ ಏಕೆ ಸಾಲದು?

ಈ ರೋಗದ ದುಂಡಾಣು ಎಲೆಯ ಮೇಲೆ ಕುಳಿತು ತಿನ್ನುವಂಥದಲ್ಲ. ಎಲೆಯಂಚಿನಲ್ಲಿ ಗಿಡ ನೀರು ಹೊರಹಾಕುವ ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೂಲಕ, ಇಲ್ಲವೇ ಗಾಳಿಗೆ ಎಲೆ ಎಲೆಗೆ ಉಜ್ಜಿ ಆದ ಗಾಯಗಳ ಮೂಲಕ ಅದು ಒಳಗೆ ಸೇರುತ್ತದೆ. ಒಳಗೆ ಹೋದ ಮೇಲೆ ನೀರು ಸಾಗುವ ನಾಳಗಳಲ್ಲೇ ವಾಸ. ಅಲ್ಲಿಯೇ ಹೆಚ್ಚಿ, ನಾಳ ಕಟ್ಟಿ, ಎಲೆಯನ್ನು ಒಣಗಿಸುತ್ತದೆ. ಹೊರಗಿನಿಂದ ಹೊಡೆದ ಔಷಧಿ ಆ ನಾಳಗಳಿಗೆ ಸಾಕಷ್ಟು ಪ್ರಮಾಣದಲ್ಲಿ ತಲಪುವುದಿಲ್ಲ. ರೋಗ ಹರಡುವುದೂ ಬಿರುಗಾಳಿ ಮಳೆಯ ದಿನಗಳಲ್ಲಿಯೇ. ಆಗ ಸಿಂಪಡಿಸಿದ ಔಷಧಿ ಎಲೆಯ ಮೇಲೆ ನಿಲ್ಲುವುದೂ ಇಲ್ಲ.

ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಕೂಡಿದ ಪುಡಿಯನ್ನು ತಾಮ್ರದ ಔಷಧಿಯೊಡನೆ ಬೆರೆಸಿ ಹೊಡೆಯುವ ರೂಢಿ ಬಹಳ ವರ್ಷಗಳಿಂದ ನಡೆದು ಬಂದಿದೆ. ಅದರಿಂದ ಆಗುವ ಪ್ರಯೋಜನ ಅನಿಶ್ಚಿತ. ಅದಕ್ಕಿಂತ ದೊಡ್ಡ ಮಾತೆಂದರೆ ಇವು ಮನುಷ್ಯರ ಕಾಯಿಲೆಗೆ ಬೇಕಾದ ಔಷಧಿಗಳು. ಸ್ಟ್ರೆಪ್ಟೊಮೈಸಿನ್ ಕ್ಷಯರೋಗಕ್ಕೆ ಕೊಡುವ ಮದ್ದು. ಇದನ್ನು ಹೊಲಗದ್ದೆಗಳಲ್ಲಿ ಸುರಿದರೆ ಮದ್ದಿಗೆ ಬಗ್ಗದ ರೋಗಾಣುಗಳು ಹುಟ್ಟಿಕೊಳ್ಳುವ ಅಪಾಯವಿದೆ. ಈ ಕಾರಣದಿಂದಲೇ ಇವೆರಡರ ಬಳಕೆಯನ್ನು ಕೃಷಿಯಿಂದ ಹಂತ ಹಂತವಾಗಿ ತೆಗೆದುಹಾಕಲು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತು. ಅಂಗಡಿಯವನು ಕೊಟ್ಟನೆಂದು ತಂದು ಹೊಡೆಯುವ ಕಾಲ ಇದಲ್ಲ. ಹೀಗಿರುವಾಗ ನಮಗೆ ಉಳಿದಿರುವ ದೊಡ್ಡ ಆಸರೆ ತಳಿಯೊಂದೇ.

ರೋಗ ಬಂದ ದಾರಿ

1884ರಲ್ಲಿ ಜಪಾನಿನ ಫುಕುವೋಕ ಪ್ರಾಂತದ ರೈತರು ಈ ರೋಗವನ್ನು ಮೊದಲಿಗೆ ಗಮನಿಸಿದರು. ನಮ್ಮ ದೇಶದಲ್ಲಿ ಇದು ಮಹಾರಾಷ್ಟ್ರದಲ್ಲಿ 1950ರ ದಶಕದಲ್ಲಿ ವರದಿಯಾಯಿತು. 1963ರಲ್ಲಿ ಬಿಹಾರದ ಆಗಿನ ಶಹಾಬಾದ್ ಜಿಲ್ಲೆಯಲ್ಲಿ ಸಾಂಕ್ರಾಮಿಕವಾಗಿ ಹಬ್ಬಿ ದೇಶದ ಗಮನ ಸೆಳೆಯಿತು. ಅದರ ಬೆನ್ನಿಗೇ ತೈವಾನಿನ ಗಿಡ್ಡ ತಳಿ ಟೈಚುಂಗ್ ನೇಟಿವ್-1, ಅಂದರೆ ಟಿ.ಎನ್.1, ನಮ್ಮಲ್ಲಿಗೆ ಬಂತು. ಗೊಬ್ಬರಕ್ಕೆ ಚೆನ್ನಾಗಿ ಸ್ಪಂದಿಸಿ, ಬೀಳದೆ ನಿಂತು, ಹೆಚ್ಚು ಇಳುವರಿ ಕೊಡುವ ಈ ತಳಿಗೆ ಎಲೆ ಅಂಗಮಾರಿಯನ್ನು ತಡೆಯುವ ಶಕ್ತಿ ಮಾತ್ರ ಏನೂ ಇರಲಿಲ್ಲ. ಗಿಡ್ಡ ತಳಿ, ಹೆಚ್ಚು ಸಾರಜನಕ, ಒತ್ತಾದ ನಾಟಿ ಈ ಮೂರೂ ಕೂಡಿದಲ್ಲಿ ರೋಗಕ್ಕೆ ಹಬ್ಬವಾಯಿತು. 1979 ಮತ್ತು 1980ರಲ್ಲಿ ಪಂಜಾಬ್, ಹರಿಯಾಣ ಕಡೆಯಲ್ಲಿ ಮತ್ತೆ ತೀವ್ರವಾಗಿ ಕಾಣಿಸಿಕೊಂಡಿತು. 1998ರಲ್ಲಿ ಕೇರಳದ ಪಾಲಕ್ಕಾಡ್ ಸೀಮೆಯ ಭತ್ತವನ್ನು ಹಾಳು ಮಾಡಿತು.

ನಮ್ಮ ರಾಜ್ಯದಲ್ಲಿ ಗಂಗಾವತಿ, ಸಿಂಧನೂರು, ಸಿರಗುಪ್ಪ ಭಾಗದ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ರೋಗ ಸಾಧಾರಣವಾಗಿದ್ದರೆ ನೂರಕ್ಕೆ 20ರಿಂದ 30ರಷ್ಟು, ಬೇಗ ಬಂದು ತೀವ್ರವಾದರೆ ನೂರಕ್ಕೆ 50ರಷ್ಟು ಇಳುವರಿ ನಷ್ಟವಾಗಬಹುದು. ಕಾಳು ಸರಿಯಾಗಿ ತುಂಬದೆ ಜೊಳ್ಳು ಹೆಚ್ಚುತ್ತದೆ. ಗಿರಣಿಯಲ್ಲಿ ನುಚ್ಚೂ ಹೆಚ್ಚುತ್ತದೆ.

ಕತ್ತರಿ ಪರೀಕ್ಷೆ

ಇನ್ನು ತಳಿಗಳನ್ನು ಸೋಸುವ ಬಗೆಯನ್ನು ನೋಡೋಣ. ಸಂಶೋಧನಾ ಕೇಂದ್ರಗಳಲ್ಲಿ ನೂರಾರು ತಳಿಗಳನ್ನು ಒಂದೇ ತಾಕಿನಲ್ಲಿ ಕಿರುಸಾಲುಗಳಲ್ಲಿ ನಾಟಿ ಮಾಡುತ್ತಾರೆ. ನಡುನಡುವೆ ರೋಗಕ್ಕೆ ಖಂಡಿತ ತುತ್ತಾಗುವ ಟಿ.ಎನ್.1ರಂತಹ ತಳಿಯ ಸಾಲು ಇರುತ್ತದೆ. ಜೊತೆಗೆ ರೋಗವನ್ನು ತಡೆಯುತ್ತದೆಂದು ಈಗಾಗಲೇ ಗೊತ್ತಿರುವ ತಳಿಯ ಸಾಲೂ ಇರುತ್ತದೆ. ರೋಗ ಚೆನ್ನಾಗಿ ಬರಲೆಂದೇ ಈ ತಾಕಿಗೆ ಸಾರಜನಕವನ್ನು ಧಾರಾಳವಾಗಿ ಕೊಡುತ್ತಾರೆ. ನಾವು ಗದ್ದೆಯಲ್ಲಿ ಮಾಡಬಾರದ್ದನ್ನು ಅವರು ಅಲ್ಲಿ ಬೇಕೆಂದೇ ಮಾಡುತ್ತಾರೆ.

ತೆಂಡೆ ಪೂರ್ತಿ ಒಡೆದ ಹಂತದಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ದುಂಡಾಣುವನ್ನು ಶುದ್ಧ ನೀರಿನಲ್ಲಿ ಕದಡುತ್ತಾರೆ. ಕತ್ತರಿಯನ್ನು ಆ ನೀರಿನಲ್ಲಿ ಅದ್ದಿ, ಪ್ರತಿ ಬುಡದ ಕೆಲವು ಎಲೆಗಳ ತುದಿಯನ್ನು ಎರಡು ಮೂರು ಸೆಂಟಿಮೀಟರಿನಷ್ಟು ಕತ್ತರಿಸುತ್ತಾರೆ. ಕತ್ತರಿಸಿದ ಗಾಯದಿಂದ ದುಂಡಾಣು ನೇರವಾಗಿ ನಾಳಗಳಿಗೆ ಇಳಿಯುತ್ತದೆ. ಈ ವಿಧಾನ 1973ರಲ್ಲಿ ಪ್ರಕಟವಾಯಿತು. ಇಂದಿಗೂ ಭತ್ತ ಬೆಳೆಯುವ ದೇಶಗಳಲ್ಲೆಲ್ಲ ಇದೇ ರೂಢಿಯಲ್ಲಿದೆ. ಕತ್ತರಿಯೊಂದು ಇದ್ದರೆ ಒಂದೇ ದಿನದಲ್ಲಿ ಸಾವಿರಾರು ಎಲೆಗಳಿಗೆ ಸಮನಾಗಿ ರೋಗ ತಗುಲಿಸಬಹುದೆಂಬುದೇ ಇದರ ಹೆಚ್ಚುಗಾರಿಕೆ.

ಎರಡು ಮೂರು ವಾರ ಕಳೆದ ಮೇಲೆ ಅಳತೆಪಟ್ಟಿ ಹಿಡಿದು, ಕತ್ತರಿಸಿದ ತುದಿಯಿಂದ ಕೆಳಕ್ಕೆ ಎಲೆ ಎಷ್ಟು ಉದ್ದ ಒಣಗಿದೆ ಎಂದು ಅಳೆಯುತ್ತಾರೆ. ಸಾಮಾನ್ಯವಾಗಿ 5 ಸೆಂಟಿಮೀಟರಿನೊಳಗೆ ನಿಂತರೆ ನಿರೋಧಕ ತಳಿ. 5ರಿಂದ 10ರವರೆಗೆ ಸಾಧಾರಣ ನಿರೋಧಕ. 10ರಿಂದ 15ರವರೆಗೆ ಸಾಧಾರಣ ತುತ್ತಾಗುವ ತಳಿ. 15ನ್ನು ಮೀರಿದರೆ ಪೂರ್ತಿ ತುತ್ತಾಗುವ ತಳಿ ಎಂದು ಬರೆದುಕೊಳ್ಳುತ್ತಾರೆ. ಗದ್ದೆಯಲ್ಲಿ ತಾನಾಗಿ ಬಂದ ರೋಗವನ್ನು ಅಳೆಯಲು ಬೇರೆ ಅಂಕಪಟ್ಟಿ ಇದೆ. ಎಲೆಯ ನೂರಕ್ಕೆ 5ರವರೆಗೆ ಒಣಗಿದ್ದರೆ 1 ಅಂಕ, 6ರಿಂದ 12ಕ್ಕೆ 3 ಅಂಕ, 13ರಿಂದ 25ಕ್ಕೆ 5 ಅಂಕ, 26ರಿಂದ 50ಕ್ಕೆ 7 ಅಂಕ, ಅದಕ್ಕೂ ಮೀರಿದರೆ 9 ಅಂಕ. ಇಲ್ಲಿ ಅಂಕ ಹೆಚ್ಚಾದಷ್ಟೂ ತಳಿ ಸೋತಂತೆ ಎಂಬುದನ್ನು ನೆನಪಿಡಿ; ಶಾಲೆಯ ಪರೀಕ್ಷೆಗೆ ಇದು ತಿರುಗುಮುರುಗು.

ಗೋಧಿಯಲ್ಲಿಯೂ ಇದೇ ಕುಲದ ದುಂಡಾಣುವಿನಿಂದ ಎಲೆಗೆರೆ ರೋಗ ಬರುತ್ತದೆ. ಅಲ್ಲಿಯೂ ನೆಚ್ಚಬಹುದಾದ ಸಿಂಪರಣೆ ಇಲ್ಲದ ಕಾರಣ ತಳಿಗಳಿಗೆ ಬೇಕೆಂದೇ ರೋಗ ಹಚ್ಚಿ ಸೋಸುವ ಕೆಲಸವೇ ಮುಖ್ಯವಾಗಿದೆ.

ರೋಗ ಬಾರದಿದ್ದರೆ ನಿರೋಧಕವೆಂದಲ್ಲ

ಈ ಪರೀಕ್ಷೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ನಡುವಿನ ಟಿ.ಎನ್.1 ಸಾಲಿಗೆ ರೋಗ ಚೆನ್ನಾಗಿ ಬಾರದಿದ್ದರೆ ಆ ವರ್ಷದ ಪರೀಕ್ಷೆಯ ಫಲಿತಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾರಣ ಸರಳ. ಸೋಲಲೇಬೇಕಾದ ತಳಿಯೇ ಸೋಲದಿದ್ದರೆ ಮಿಕ್ಕವು ಗೆದ್ದವು ಎನ್ನುವುದು ಹೇಗೆ? ಮಳೆ, ಗಾಳಿ, ಬಿಸಿಲು ರೋಗಕ್ಕೆ ಅನುಕೂಲವಾಗಿರಲಿಲ್ಲ ಎಂದಷ್ಟೇ ಅದರ ಅರ್ಥ.

ಈ ನಿಯಮ ನಮ್ಮ ನಿತ್ಯದ ಮಾತುಕತೆಗೂ ಸಲ್ಲುತ್ತದೆ. "ಹೋದ ವರ್ಷ ಈ ತಳಿ ಹಾಕಿದ್ದೆ, ಒಂದೆಲೆಯೂ ಒಣಗಲಿಲ್ಲ, ಇದಕ್ಕೆ ರೋಗವೇ ಬರುವುದಿಲ್ಲ" ಎಂದು ಯಾರಾದರೂ ಹೇಳಿದರೆ ಒಂದು ಪ್ರಶ್ನೆ ಕೇಳಿ: ಆ ವರ್ಷ ಪಕ್ಕದ ಗದ್ದೆಯ ಬೇರೆ ತಳಿಗೆ ರೋಗ ಬಂದಿತ್ತೇ? ಬಂದಿತ್ತು ಎಂದಾದರೆ ಅವರ ಮಾತಿಗೆ ಬೆಲೆಯಿದೆ. ಸುತ್ತ ಎಲ್ಲಿಯೂ ರೋಗ ಇರಲಿಲ್ಲ ಎಂದಾದರೆ ಅವರ ತಳಿ ತಪ್ಪಿಸಿಕೊಂಡಿದೆಯೇ ಹೊರತು ಗೆದ್ದಿಲ್ಲ. ಕಳ್ಳರೇ ಬಾರದ ಊರಿನಲ್ಲಿ ಬೀಗದ ಗಟ್ಟಿತನ ಗೊತ್ತಾಗುವುದಿಲ್ಲ.

ಒಂದು ಊರಿನ, ಒಂದು ವರ್ಷದ ಫಲಿತಾಂಶವೂ ಸಾಲದು. 1965ರಲ್ಲಿ ಹೈದರಾಬಾದನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ ಅಖಿಲ ಭಾರತ ಸುಸಂಘಟಿತ ಭತ್ತ ಸುಧಾರಣಾ ಯೋಜನೆಯ ಅಡಿಯಲ್ಲಿ ಒಂದೇ ತಳಿಯನ್ನು ಬೇರೆ ಬೇರೆ ರಾಜ್ಯಗಳ ಕೇಂದ್ರಗಳಲ್ಲಿ, ಒಂದಕ್ಕಿಂತ ಹೆಚ್ಚು ವರ್ಷ ಪರೀಕ್ಷಿಸುತ್ತಾರೆ. ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವೂ ಈ ಯೋಜನೆಯಲ್ಲಿದೆ. ಒಂದು ಕಡೆ 1 ಅಂಕ ಪಡೆದ ತಳಿ ಇನ್ನೊಂದು ಕಡೆ 7 ಅಂಕ ಪಡೆಯುವುದು ಅಪರೂಪವೇನಲ್ಲ. ಹೀಗೇಕೆ ಆಗುತ್ತದೆ ಎಂಬುದೇ ಈ ವಿಷಯದ ಮರ್ಮ.

ಒಂದೇ ಬೀಗ ಸಾಲದು

ತಳಿಗೆ ರೋಗ ತಡೆಯುವ ಶಕ್ತಿ ಬರುವುದು ವಂಶವಾಹಿಗಳಿಂದ, ಅಂದರೆ ಜೀನ್‌ಗಳಿಂದ. ಎಲೆ ಅಂಗಮಾರಿಯನ್ನು ತಡೆಯಬಲ್ಲ 40ಕ್ಕೂ ಹೆಚ್ಚು ವಂಶವಾಹಿಗಳನ್ನು ಇದುವರೆಗೆ ಗುರುತಿಸಿದ್ದಾರೆ. ಅವುಗಳಿಗೆ ಎಕ್ಸ್‌ಎ ಎಂಬ ಹೆಸರಿನ ಮುಂದೆ ಸಂಖ್ಯೆ ಕೊಟ್ಟಿದ್ದಾರೆ. ಪ್ರತಿಯೊಂದನ್ನೂ ಒಂದು ಬೀಗವೆಂದು ತಿಳಿಯಿರಿ. ದುಂಡಾಣುವಿನಲ್ಲಿಯೂ ಹಲವು ಪಂಗಡಗಳಿವೆ; ಒಂದೊಂದು ಪಂಗಡದ ಕೈಯಲ್ಲಿ ಒಂದೊಂದು ಕೀಲಿಗೊಂಚಲು. ನಿಮ್ಮ ತಳಿಯ ಬೀಗಕ್ಕೆ ಸರಿಹೊಂದುವ ಕೀಲಿ ಇರುವ ಪಂಗಡ ನಿಮ್ಮ ಸೀಮೆಯಲ್ಲಿ ಇಲ್ಲದಿರುವವರೆಗೆ ತಳಿ ನಿರೋಧಕ. ಆ ಪಂಗಡ ಬಂದ ದಿನ ತಳಿ ತುತ್ತಾಗುತ್ತದೆ. ಬೀಜ ಬದಲಾಗಿಲ್ಲ, ಗೊಬ್ಬರ ಬದಲಾಗಿಲ್ಲ, ಬದಲಾಗಿರುವುದು ದುಂಡಾಣು.

ಇದಕ್ಕೆ ನಡೆದ ಉದಾಹರಣೆಯೇ ಇದೆ. ತಮಿಳುನಾಡಿನ ಟಿ.ಕೆ.ಎಂ.6 ಎಂಬ ತಳಿಯಲ್ಲಿ ಎಕ್ಸ್‌ಎ-4 ಎಂಬ ವಂಶವಾಹಿ ಇತ್ತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1969ರಲ್ಲಿ ಬಿಡುಗಡೆ ಮಾಡಿದ ಐ.ಆರ್.20 ಮತ್ತು ಅನಂತರದ ಹಲವು ತಳಿಗಳಿಗೆ ಆ ಶಕ್ತಿ ಬಂದಿತು. ಆ ತಳಿಗಳು ಫಿಲಿಪ್ಪೀನ್ಸಿನಲ್ಲಿ ಗದ್ದೆಯಿಂದ ಗದ್ದೆಗೆ ಹರಡಿ, ಎಲ್ಲೆಲ್ಲೂ ಒಂದೇ ಬೀಗವಾಯಿತು. ಕೆಲವೇ ವರ್ಷಗಳಲ್ಲಿ ಆ ಬೀಗ ತೆಗೆಯಬಲ್ಲ ದುಂಡಾಣು ಪಂಗಡ ಮೇಲುಗೈ ಪಡೆಯಿತು. ರೋಗವನ್ನು ತಡೆಯುತ್ತದೆಂದು ನಂಬಿದ ತಳಿಗಳೇ ರೋಗಕ್ಕೆ ಸಿಕ್ಕವು.

ನಮ್ಮ ದೇಶದಲ್ಲಿ ಈ ಪಂಗಡಗಳು ಎಷ್ಟು? ನಾನಾ ರಾಜ್ಯಗಳ ಗದ್ದೆಗಳಿಂದ ಸಂಗ್ರಹಿಸಿದ ಸುಮಾರು 400 ದುಂಡಾಣು ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಅವನ್ನು 22 ಪಂಗಡಗಳಾಗಿ ವಿಂಗಡಿಸಿತು. ಒಂಟಿಯಾಗಿದ್ದಾಗ ಹೆಚ್ಚಿನ ವಂಶವಾಹಿಗಳು ಈ ಪಂಗಡಗಳಲ್ಲಿ ಹಲವಕ್ಕೆ ಸೋತವು. ಎರಡು ಮೂರು ಕೂಡಿದ ತಳಿಗಳು ಹೆಚ್ಚು ಗಟ್ಟಿಯಾಗಿ ನಿಂತವು. ಒಂದು ಬಾಗಿಲಿಗೆ ಮೂರು ಬೀಗ ಹಾಕಿದರೆ ಮೂರಕ್ಕೂ ಕೀಲಿ ಹೊಂದಿಸಿಕೊಂಡ ಕಳ್ಳ ಸಿಕ್ಕುವುದು ಕಷ್ಟ ತಾನೆ?

ಸಾಂಬಾ ಮಸೂರಿಗೆ ಮೂರು ಬೀಗ

ಈ ತತ್ವವನ್ನು ಆಧರಿಸಿ ನಮ್ಮ ನೆರೆಯಲ್ಲೇ ಒಂದು ಒಳ್ಳೆಯ ಕೆಲಸವಾಗಿದೆ. ಬಿ.ಪಿ.ಟಿ. 5204, ಅಂದರೆ ಸಾಂಬಾ ಮಸೂರಿ, 1986ರಲ್ಲಿ ಆಂಧ್ರದ ಬಾಪಟ್ಲದಿಂದ ಬಂದ ತಳಿ. ಸಣ್ಣ ಕಾಳು, ಒಳ್ಳೆಯ ಅನ್ನ, ಪೇಟೆಯಲ್ಲಿ ಬೆಲೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದನ್ನು ಬೆಳೆಯದ ಊರು ವಿರಳ. ಆದರೆ ಎಲೆ ಅಂಗಮಾರಿಗೆ ಬಹುಬೇಗ ತುತ್ತಾಗುವುದು ಇದರ ದೊಡ್ಡ ದೋಷ. ರೋಗ ಬರುತ್ತದೆಂದು ಗೊತ್ತಿದ್ದರೂ ಬೆಲೆಯ ಕಾರಣದಿಂದ ರೈತ ಇದನ್ನು ಬಿಡಲಾರ.

ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ, ಈಗಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ, ಹಾಗೂ ಅದೇ ನಗರದ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ ಕೂಡಿ ಈ ತಳಿಗೆ ಮೂರು ವಂಶವಾಹಿಗಳನ್ನು ಸೇರಿಸಿದವು. ಮೊದಲನೆಯದು ಎಕ್ಸ್‌ಎ-21. ಇದು ಆಫ್ರಿಕಾದ ಮಾಲಿ ದೇಶದ ಕಾಡುಭತ್ತದಿಂದ ಬಂದದ್ದು. ಆ ಕಾಡುಭತ್ತದ ಶಕ್ತಿ 1970ರ ದಶಕದ ಕೊನೆಯಲ್ಲಿ ಒರಿಸ್ಸಾದ ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಗೊತ್ತಾಯಿತು. ಎಕ್ಸ್‌ಎ-21 ಗಿಡದ ಕೋಶದ ಹೊರಮೈಯಲ್ಲಿ ಕಾವಲುಗಾರನಂತೆ ನಿಂತು, ದುಂಡಾಣುವಿನ ಸುಳಿವು ಸಿಕ್ಕ ಕೂಡಲೇ ಗಿಡವನ್ನು ಎಚ್ಚರಿಸುತ್ತದೆ. ಎರಡನೆಯದು ಎಕ್ಸ್‌ಎ-13, ಬಿ.ಜೆ.1 ಎಂಬ ನಮ್ಮ ದೇಶದ ಹಳೆಯ ತಳಿಯಿಂದ ಬಂದದ್ದು. ದುಂಡಾಣು ಗಿಡದಿಂದ ಸಕ್ಕರೆ ಕದಿಯಲು ಗಿಡದ್ದೇ ಒಂದು ಬಾಗಿಲನ್ನು ತೆರೆಸಿಕೊಳ್ಳುತ್ತದೆ. ಈ ವಂಶವಾಹಿ ಇದ್ದಲ್ಲಿ ಆ ಬಾಗಿಲು ದುಂಡಾಣುವಿನ ಕೈಗೆ ತೆರೆಯುವುದಿಲ್ಲ. ಮೂರನೆಯದು ಬಾಂಗ್ಲಾದೇಶದ ಕಡೆಯ ಹಳೆಯ ತಳಿಗಳ ಎಕ್ಸ್‌ಎ-5.

ಈ ಮೂರನ್ನೂ ಹೊಂದಿದ ತಳಿಯೊಡನೆ ಸಾಂಬಾ ಮಸೂರಿಯನ್ನು ಸಂಕರ ಮಾಡಿ, ಹುಟ್ಟಿದ ಪೀಳಿಗೆಯನ್ನು ಮತ್ತೆ ಮತ್ತೆ ಸಾಂಬಾ ಮಸೂರಿಯೊಡನೆಯೇ ಕೂಡಿಸಿದರು. ಹೀಗೆ ಕೂಡಿಸಿದಷ್ಟೂ ಕಾಳು, ಅನ್ನ, ಗಿಡದ ರೂಪ ಮೂಲ ತಳಿಯ ಕಡೆಗೆ ಮರಳುತ್ತವೆ. ಮೂರೂ ವಂಶವಾಹಿಗಳು ಯಾವ ಸಸಿಯಲ್ಲಿ ಉಳಿದಿವೆ ಎಂಬುದನ್ನು ಸಸಿ ಎಳೆಯದಾಗಿರುವಾಗಲೇ ಎಲೆಯ ಚೂರೊಂದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ತಿಳಿದರು. ಇದರಿಂದ ಕೆಲಸ ಬೇಗ ಸಾಗಿತು. ಆದರೂ ಕೊನೆಯ ಮಾತು ಕತ್ತರಿಯದೇ. ಆರಿಸಿದ ಗಿಡಗಳ ಎಲೆ ಕತ್ತರಿಸಿ ರೋಗ ತಗುಲಿಸಿ, ತಡೆದು ನಿಂತವನ್ನೇ ಮುಂದಕ್ಕೆ ತಂದರು. ಈ ತಳಿ 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಆರ್.ಪಿ. ಬಯೋ 226 ಎಂಬುದು ಇದರ ಇನ್ನೊಂದು ಹೆಸರು. ಇದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಎಕ್ಸ್‌ಎ-13 ಮತ್ತು ಎಕ್ಸ್‌ಎ-21 ಸೇರಿಸಿದ ಸುಧಾರಿತ ಪೂಸಾ ಬಾಸ್ಮತಿ-1 ತಳಿಯನ್ನು ಹೊರತಂದಿತ್ತು.

ಒಂದು ಎಚ್ಚರಿಕೆ. ಈ ತಳಿ ಎಲೆ ಅಂಗಮಾರಿಯೊಂದಕ್ಕೆ ನಿರೋಧಕ. ಬೆಂಕಿರೋಗ, ಎಲೆಕವಚದ ಅಂಗಮಾರಿ, ಕಂದು ಜಿಗಿಹುಳು ಇವುಗಳಿಗೆ ಈ ಮೂರು ವಂಶವಾಹಿಗಳಿಂದ ಏನೂ ರಕ್ಷಣೆ ಇಲ್ಲ. "ರೋಗ ನಿರೋಧಕ" ಎಂಬ ಮಾತು ಕಂಡಾಗಲೆಲ್ಲ "ಯಾವ ರೋಗಕ್ಕೆ?" ಎಂದು ಕೇಳಬೇಕು.

ಒಟ್ಲಿನಲ್ಲಿ ಕುಡುಗೋಲು ಬೇಡ

ಸಂಶೋಧಕರು ರೋಗ ಹಚ್ಚಲು ಏನು ಮಾಡುತ್ತಾರೆಂದು ಮೇಲೆ ನೋಡಿದಿರಿ: ಎಲೆಯ ತುದಿ ಕತ್ತರಿಸುತ್ತಾರೆ. ಈಗ ನಮ್ಮ ಒಂದು ರೂಢಿಯನ್ನು ನೆನೆಯಿರಿ. ನಾಟಿಗೆ ಮೊದಲು ಸಸಿಯ ಕಟ್ಟುಗಳನ್ನು ಹಿಡಿದು ತುದಿಯನ್ನು ಕುಡುಗೋಲಿನಿಂದ ಸವರುವುದುಂಟು. ಕಾಂಡಕೊರಕದ ಮೊಟ್ಟೆಗಳು ಎಲೆ ತುದಿಯಲ್ಲಿರುವುದರಿಂದ ಅವನ್ನು ತೆಗೆಯಲು ಇದು ಒಳ್ಳೆಯ ಉಪಾಯವೇ ಸರಿ. ಆದರೆ ಎಲೆ ಅಂಗಮಾರಿ ಇರುವ ಸೀಮೆಯಲ್ಲಿ ಇದು ಕತ್ತರಿ ಪರೀಕ್ಷೆಯನ್ನು ನಮ್ಮ ಕೈಯಾರೆ ಇಡೀ ಗದ್ದೆಗೆ ಮಾಡಿದಂತೆ. ಒಂದು ರೋಗದ ಸಸಿಯನ್ನು ಸವರಿದ ಕುಡುಗೋಲು ಮುಂದಿನ ನೂರು ಸಸಿಗೆ ರೋಗ ಹಚ್ಚುತ್ತದೆ. ಆದ್ದರಿಂದ ಇಂತಹ ಕಡೆಗಳಲ್ಲಿ ಸಸಿಯ ತುದಿ ಕತ್ತರಿಸಬೇಡಿ. ಸಸಿ ಕೀಳುವಾಗ ಬೇರು ಹರಿಯದಂತೆ ಒಟ್ಲಿಗೆ ನೀರು ಹಾಯಿಸಿ ಮೆಲ್ಲಗೆ ಕೀಳಿ.

ನಿರೋಧಕ ತಳಿ ಹಾಕಿದವರಿಗೂ ಈ ಮಾತು ಅನ್ವಯಿಸುತ್ತದೆ. ಎಕ್ಸ್‌ಎ-21ರ ಶಕ್ತಿ ಎಳೆಯ ಸಸಿಯಲ್ಲಿ ಕಡಿಮೆ. ಗಿಡ ಬಲಿತಂತೆ ಅದು ಹೆಚ್ಚುತ್ತದೆ.

ಉಳಿದ ಕ್ರಮಗಳೂ ನಿಮಗೆ ತಿಳಿದವೇ. ಸಾರಜನಕವನ್ನು ಶಿಫಾರಸಿಗಿಂತ ಹೆಚ್ಚು ಹಾಕಬೇಡಿ. ಹಾಕುವುದನ್ನೂ ಕಂತುಗಳಲ್ಲಿ ಕೊಡಿ. ರೋಗ ಕಂಡ ಮೇಲೆ ಪೈರು ಹಸಿರಾಗಲೆಂದು ಯೂರಿಯಾ ಎರಚುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಪೊಟ್ಯಾಷನ್ನು ಬಿಡಬೇಡಿ. ರೋಗದ ಗದ್ದೆಯ ನೀರನ್ನು ಕೆಳಗಿನ ಗದ್ದೆಗೆ ಹರಿಸಬೇಡಿ. ದುಂಡಾಣು ನೀರಿನಲ್ಲಿ ಸಾಗುತ್ತದೆ. ಎಲೆಗಳು ಒದ್ದೆಯಾಗಿರುವ ಹೊತ್ತಿನಲ್ಲಿ ರೋಗದ ಗದ್ದೆಯೊಳಗೆ ಓಡಾಡುವುದು ಒಳ್ಳೆಯದಲ್ಲ. ಕೂಳೆಯನ್ನು ಉತ್ತು ಮುಚ್ಚಿ. ಬದು, ಕಾಲುವೆಗಳ ಕಳೆಹುಲ್ಲನ್ನು ತೆಗೆಯಿರಿ. ಬೆಳೆ ಇಲ್ಲದ ಕಾಲದಲ್ಲಿ ದುಂಡಾಣು ಕೆಲವು ಕಳೆಹುಲ್ಲುಗಳಲ್ಲಿ ಆಶ್ರಯ ಪಡೆಯುತ್ತದೆ.

ನಿಮ್ಮ ಗದ್ದೆಯಲ್ಲೇ ಪರೀಕ್ಷೆ

ಹೊಸ ತಳಿಯನ್ನು ಮೊದಲ ವರ್ಷವೇ ಇಡೀ ಜಮೀನಿಗೆ ಹಾಕುವುದು ಬೇಡ. ಎರಡು ಮೂರು ಗುಂಟೆಯಲ್ಲಿ ಹೊಸ ತಳಿಯನ್ನೂ, ಅದರ ಮಗ್ಗುಲಲ್ಲೇ ಅಷ್ಟೇ ಜಾಗದಲ್ಲಿ ನಿಮ್ಮ ರೂಢಿಯ ತಳಿಯನ್ನೂ ನಾಟಿ ಮಾಡಿ. ನಾಟಿಯ ದಿನ, ಗೊಬ್ಬರ, ನೀರು ಎರಡಕ್ಕೂ ಒಂದೇ ಆಗಿರಬೇಕು. ಹೊಡೆ ತುಂಬುವ ಹಂತದಲ್ಲಿ ಒಮ್ಮೆ, ಎರಡು ವಾರ ಬಿಟ್ಟು ಇನ್ನೊಮ್ಮೆ, ಎರಡೂ ತಾಕಿನಲ್ಲಿ ಇಪ್ಪತ್ತಿಪ್ಪತ್ತು ಬುಡಗಳನ್ನು ನೋಡಿ. ಅಂಚಿನವನ್ನು ಬಿಟ್ಟು ಒಳಗಿನ ಬುಡಗಳನ್ನು ಆರಿಸಿ. ಪ್ರತಿ ಬುಡದ ಮೇಲಿನ ಎಲೆಗಳಲ್ಲಿ ಎಷ್ಟು ಪಾಲು ಒಣಗಿದೆಯೆಂದು ಮೇಲೆ ಕೊಟ್ಟ ಅಂಕಪಟ್ಟಿಯಂತೆ ಬರೆದಿಡಿ. ನೀವು ಬೇಕೆಂದು ರೋಗ ಹಚ್ಚಲು ಹೋಗಬೇಡಿ. ಅದು ಸಂಶೋಧನಾ ಕೇಂದ್ರದ ಕೆಲಸ, ಊರಿನ ಗದ್ದೆಯಲ್ಲಿ ಅಪಾಯ.

ರೂಢಿಯ ತಳಿಗೆ ರೋಗ ಬಂದು ಹೊಸದು ಹಸಿರಾಗಿ ನಿಂತರೆ, ಕಟಾವಿನಲ್ಲಿ ಎರಡರ ಇಳುವರಿಯನ್ನೂ ಬೇರೆ ಬೇರೆಯಾಗಿ ತೂಗಿ ನೋಡಿ; ಮುಂದಿನ ವರ್ಷ ಧೈರ್ಯವಾಗಿ ಹೆಚ್ಚಿಸಿ. ಎರಡಕ್ಕೂ ರೋಗ ಬಾರದಿದ್ದರೆ ಆ ವರ್ಷ ಏನೂ ತಿಳಿಯಲಿಲ್ಲವೆಂದು ಬರೆದು, ಇನ್ನೊಂದು ವರ್ಷ ನೋಡಿ.

ಬೀಜ ಕೊಳ್ಳುವಾಗ ಇನ್ನೂ ಒಂದು ಮಾತು. ಸುಧಾರಿತ ಸಾಂಬಾ ಮಸೂರಿಯ ಕಾಳನ್ನೂ ಹಳೆಯ ಬಿ.ಪಿ.ಟಿ. 5204ರ ಕಾಳನ್ನೂ ಅಂಗೈಯಲ್ಲಿಟ್ಟು ನೋಡಿ ಬೇರ್ಪಡಿಸಲಾಗದು. ಆದ್ದರಿಂದ ನಂಬಿಕೆಯ ಕಡೆಯಿಂದಲೇ, ಪ್ರಮಾಣಿತ ಬೀಜದ ನೀಲಿ ಚೀಟಿ ನೋಡಿ ಕೊಳ್ಳಿ; ರಸೀತಿಯನ್ನೂ ಚೀಟಿಯನ್ನೂ ಕಟಾವಿನವರೆಗೆ ಜೋಪಾನವಾಗಿಡಿ. ಇದು ಸಂಕರ ಬೀಜವಲ್ಲ. ಬೆರಕೆ ಗಿಡಗಳನ್ನು ಕಿತ್ತು ಶುದ್ಧವಾಗಿಟ್ಟುಕೊಂಡರೆ ನಿಮ್ಮ ಬೆಳೆಯಿಂದಲೇ ಮುಂದಿನ ವರ್ಷಕ್ಕೆ ಬೀಜ ಮಾಡಿಕೊಳ್ಳಬಹುದು. ಇಡೀ ಊರೆಲ್ಲ ಒಂದೇ ತಳಿಯನ್ನು ವರ್ಷಾನುವರ್ಷ ಬೆಳೆಯುವುದೂ ಕ್ಷೇಮವಲ್ಲ. ಫಿಲಿಪ್ಪೀನ್ಸಿನ ಪಾಠ ಅದೇ.

ಕೊನೆಯದಾಗಿ, ಸಂಶೋಧನಾ ಕೇಂದ್ರದವರು ಎಷ್ಟೇ ಶ್ರಮಿಸಿದರೂ ಪ್ರತಿ ಊರಿನ ಪ್ರತಿ ಗದ್ದೆಯನ್ನು ನೋಡಲಾರರು. ನಿರೋಧಕವೆಂದು ಹೆಸರಾದ ತಳಿಯ ಎಲೆ ನಿಮ್ಮ ಗದ್ದೆಯಲ್ಲಿ ಅಂಚಿನಿಂದ ಉದ್ದಕ್ಕೆ ಒಣಗುತ್ತಿದ್ದರೆ, ಲೋಟದ ನೀರು ಕದಡಿದರೆ, ಬೀಜದವನನ್ನು ಬೈದು ಸುಮ್ಮನಾಗಬೇಡಿ. ಬೀಜ ಬೆರಕೆಯಾಗಿರಬಹುದು, ಇಲ್ಲವೇ ಹೊಸ ಪಂಗಡದ ದುಂಡಾಣು ನಿಮ್ಮ ಸೀಮೆಗೆ ಕಾಲಿಟ್ಟಿರಬಹುದು. ರೋಗದ ಎಲೆಗಳನ್ನು ಕಾಗದದ ಚೀಲದಲ್ಲಿಟ್ಟು, ತಳಿಯ ಹೆಸರು, ಊರು, ದಿನಾಂಕ ಬರೆದು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲಪಿಸಿ. ಬೀಗ ಮುರಿದ ಸುದ್ದಿ ಬೇಗ ತಿಳಿದಷ್ಟೂ ಹೊಸ ಬೀಗ ಬೇಗ ಸಿದ್ಧವಾಗುತ್ತದೆ.